ಆಕಾಶಕ್ಕೆ ಒಡ್ಡಿದ ಅಂಗೈ

ತಿಳಿದದ್ದನ್ನು ತಿಳಿದಷ್ಟೇ ಹೇಳುವ ನಾಲಿಗೆಯನ್ನು ಕೆಲವರಿಗೆ ಕರುಣಿಸಿ, ಅಂಥವರೊಬ್ಬರ ನೆರೆಯಲ್ಲಿ ನನ್ನನ್ನು ಇರಿಸಿದ ಜಗನ್ನಿಯಾಮಕನಿಗೆ ಮೊದಲ ವಂದನೆ.

ನಮ್ಮ ಸರ್ವೆ ಅಕ್ಕನವರನ್ನು ನೆನೆದಾಗ ಮೊದಲು ಕಾಣುವುದು ಅವರ ಬಲಗೈ. ಬಿಸಿಲಿಗೆ ಕಂದಿ, ಮೊಣಕೈಯ ಕೆಳಗೆ ಬೇರೆಯೇ ಬಣ್ಣವಾಗಿದ್ದ ಕೈ. ಅಂಗೈಯ ಮೇಲೆ ಜಿಪಿಎಸ್ ಯಂತ್ರವನ್ನಿಟ್ಟು, ಮೈಯಿಂದ ದೂರಕ್ಕೆ ಚಾಚಿ, ನೈವೇದ್ಯ ತೋರಿಸುವವರಂತೆ ಆಕಾಶಕ್ಕೆ ಒಡ್ಡುತ್ತಿದ್ದರು. "ಎದೆಗೆ ಅವಚಿಕೊಂಡ್ರೆ ನಮ್ಮ ಮೈಯೇ ಅರ್ಧ ಆಕಾಶ ಮುಚ್ಚಿಬಿಡುತ್ತೆ, ಶಾಸ್ತ್ರಿಗಳೇ" ಎನ್ನುತ್ತಿದ್ದರು. ಭೂಮಾಪನ ಇಲಾಖೆಯಿಂದ ನಿವೃತ್ತರಾಗಿ, ದೆಹಲಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಮೈಸೂರಿನ ಹೆಣ್ಣುಮಗಳು ಅವರು.

ಇಲ್ಲಿಯ ಕನ್ನಡ ಕುಟುಂಬಗಳು ಪ್ರಾರ್ಥನಾಮಂದಿರಕ್ಕೆಂದು ನಗರದಾಚೆ ಮಾನೇಸರ್ ಬಳಿ ತುಂಡು ನೆಲ ಕೊಂಡಾಗ, ಅದರ ಈಶಾನ್ಯದ ಗಡಿಕಲ್ಲಿನ ಸ್ಥಾನವನ್ನು ಅಕ್ಕ ಬಟ್ಟಬಯಲಿನಲ್ಲಿ ನಿಂತು ಆ ಯಂತ್ರದಲ್ಲಿ ಉಳಿಸಿಕೊಂಡಿದ್ದರು. ಆಮೇಲೆ ರಸ್ತೆಗೆಂದು ಸುರಿದ ಮಣ್ಣಿನಡಿ ಕಲ್ಲು ಹೂತುಹೋಯಿತು. ಪಕ್ಕದ ಕಾರ್ಖಾನೆಯ ಮಾಲೀಕರು ಸಜ್ಜನರೇ, ಆದರೆ ಮೊದಲೇ ಹೇಳಿಬಿಟ್ಟಿದ್ದರು: "ಗೋಡೆಯ ಹೊರಗೂ ನನ್ನ ನೆಲ ಸ್ವಲ್ಪ ಇದೆ, ಪಂಡಿತ್‌ಜೀ. ಅಲ್ಲಿ ನಿಮ್ಮದೊಂದು ಇಟ್ಟಿಗೆ ಬಿದ್ದರೂ ಕೋರ್ಟಿನಲ್ಲೇ ಭೇಟಿ." ಮಂದಿರ ಮೇಲೇಳುವುದೋ ವ್ಯಾಜ್ಯದಲ್ಲಿ ಮಲಗುವುದೋ, ಆ ಒಂದು ಮೂಲೆಯ ಮೇಲೆ ನಿಂತಿತ್ತು.

ವಿಜಯದಶಮಿಯಂದು ಆ ಮೂಲೆಯಲ್ಲೇ ಶಂಕುಸ್ಥಾಪನೆ. ನಮ್ಮ ಸಂಘದ ಕಾರ್ಯದರ್ಶಿ, ದೆಹಲಿಯಲ್ಲೇ ಬೆಳೆದ ತರುಣ, ಆಯುಧಪೂಜೆಗೆಂದು ಯಂತ್ರವನ್ನು ಹಿಂದಿನ ದಿನವೇ ಒಯ್ದಿದ್ದ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾರ್ಖಾನೆಯ ಗೋಡೆಗೆ ತಾಗಿದ ತಗಡಿನ ಚಪ್ಪರದೊಳಗೆ ಪೀಠದ ಮೇಲೆ ಕೂರಿಸಿದ್ದ. ಪೂಜೆಗೆ ಕೂತದ್ದನ್ನು ವಿಸರ್ಜನೆಗೆ ಮುನ್ನ ಚಪ್ಪರ ದಾಟಿಸಬಾರದೆಂಬ ಭಕ್ತಿಯಿಂದ ಅಲ್ಲೇ ಒಳಗೇ ಅದನ್ನು ಹಿಡಿದು ನಡೆದು, ಪರದೆಯಲ್ಲಿ ದಾರಿ ತೋರುವ ಬಾಣದ ಗುರುತು ನಿಂತಲ್ಲಿ ಗೂಟ ನೆಟ್ಟಿದ್ದ.

ನಾನೂ ಅಕ್ಕನೂ ತಲುಪಿದಾಗ ನಡುಹಗಲಿನ ಅಭಿಜಿನ್ಮುಹೂರ್ತ ಸಮೀಪಿಸಿತ್ತು.

"ಅಕ್ಕಾ, ಜಾಗ ಸಿಕ್ತು! ಚಲೋ, ಶುರು ಮಾಡೋಣ" ಎಂದ ಕಾರ್ಯದರ್ಶಿ.

ಅಕ್ಕ ಪರದೆಯ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದರು. "ಉಪಗ್ರಹ ಎಷ್ಟಿವೆ ನೋಡು. ನಾಲ್ಕೇ. ಅವೂ ಒಂದೇ ಮೂಲೆಯಲ್ಲಿ ಗುಂಪು ಕಟ್ಕೊಂಡಿವೆ. ಸಿಗ್ನಲ್ಲು ಗೋಡೆಗೆ ತಗಡಿಗೆ ಬಡಿದು ಬಳಸಿ ಬಂದ್ರೂ ಇದು ನೇರ ಬಂತು ಅಂದ್ಕೊಂಡು ತಪ್ಪು ಜಾಗ ತೋರಿಸುತ್ತೆ. ಪೂಜೆ ಮಾಡಿದ್ದು ಸರಿಯಪ್ಪಾ, ದೇವರಿಗೆ ಆಕಾಶಾನೇ ಮುಚ್ಚಿಬಿಟ್ಟೆಯಲ್ಲ!"

"ಅಚ್ಛಾ, ಆದ್ರೆ ಮುಹೂರ್ತ?"

"ಅದನ್ನ ಶಾಸ್ತ್ರಿಗಳು ಹೇಳಲಿ. ಈ ಗೂಟಕ್ಕೆ ಮಾತ್ರ ನಾನು ಒಪ್ಪೋದಿಲ್ಲ."

ಎಲ್ಲರೂ ನನ್ನತ್ತ ತಿರುಗಿದರು. "ಅಪರಾಹ್ಣದಲ್ಲಿ ವಿಜಯಮುಹೂರ್ತವಿದೆ. ಪರರ ನೆಲದಲ್ಲಿ ಯಾವ ಮುಹೂರ್ತವೂ ಶುಭವಲ್ಲ. ಹುಡುಕಿ, ತಾಯಿ" ಎಂದೆ.

ಬಯಲಿಗೆ ಬಂದು ಅಕ್ಕ ಕೈಚಾಚಿ ನಿಂತರು. ಮಂಡಿನೋವಿದ್ದರೂ ಕುರ್ಚಿ ಬೇಡವೆಂದರು. ಉಪಗ್ರಹಗಳು ದಿಕ್ಕುದಿಕ್ಕಿನಿಂದ ಒಂದೊಂದಾಗಿ ಪರದೆಗೆ ಸೇರಿದವು. ಅಂಕಿಗಳ ಓಲಾಟ ನಿಲ್ಲುವವರೆಗೆ ಅವರು ಅಲುಗಲಿಲ್ಲ. ಆಮೇಲೆ ಬಾಣವನ್ನು ಅನುಸರಿಸಿ, ಚಪ್ಪರದಿಂದ ಸಾಕಷ್ಟು ಈಚೆಗೆ ಬಂದು ನಿಂತರು. ಅಲ್ಲಿ ನೆಡಲು ಕಾರ್ಯದರ್ಶಿ ಇನ್ನೊಂದು ಗೂಟ ಎತ್ತಿದ.

"ತಾಳು. ನಿಖರತೆ ನಾಲ್ಕು ಮೀಟರ್ ಅಂತಿದೆ. ಅಂದ್ರೆ ಇದು ಹೇಳೋದು ಬಿಂದು ಅಲ್ಲ, ವೃತ್ತ. ಕಲ್ಲು ಇದರೊಳಗೆ ಇರೋ ಸಂಭವ ಹೆಚ್ಚು, ಅಷ್ಟೇ. ಗಡಿ ಹೇಳೋ ಅಧಿಕಾರ ಇದಕ್ಕಿಲ್ಲ, ಕಲ್ಲಿಗಿದೆ."

ಪೂಜೆಗೆ ತಂದ ರಂಗೋಲಿ ಪುಡಿಯಿಂದಲೇ ವೃತ್ತ ಬರೆಸಿದರು. ಅಗೆತ ಆರಂಭವಾಯಿತು. ಅರ್ಧ ವೃತ್ತ ಮುಗಿದರೂ ಬರೀ ಮಣ್ಣು. ಹೆಂಗಸರು ಹೂವಿನ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸತೊಡಗಿದರು. "ಅಕ್ಕಾ, ಇನ್ನೊಂದು ದಿನ..." ಎಂದ ಕಾರ್ಯದರ್ಶಿ.

"ಅಗೆಯಿರಿ" ಎಂದರು ಅಕ್ಕ.

ವೃತ್ತದ ಅಂಚಿನಲ್ಲಿ ಗುದ್ದಲಿ ಠಣ್ಣೆಂದಿತು. "ಮಾತಾಜೀ, ಪತ್ಥರ್!" ಎಂದು ಅಗೆಯುತ್ತಿದ್ದಾತ ಕೂಗಿದ. ಮಣ್ಣು ಒರೆಸಿದಾಗ ಕಲ್ಲಿನ ತಲೆಯ ಮೇಲೆ ಕೊರೆದ ಗಡಿಗುರುತು ಕಾಣಿಸಿತು. ಕಾರ್ಖಾನೆಯ ಮಾಲೀಕರು ತಾವೇ ಬಂದು, ಬಗ್ಗಿ ನೋಡಿ, ಕೈಮುಗಿದರು. ಚಪ್ಪರದ ಗೂಟ ಅವರ ನೆಲದಲ್ಲೇ ಇತ್ತು. ಕಾರ್ಯದರ್ಶಿ ಓಡಿಹೋಗಿ ಅದನ್ನು ಕಿತ್ತ. ವಿಜಯಮುಹೂರ್ತದಲ್ಲಿ ನಾನು ಸಂಕಲ್ಪ ಹೇಳಿದೆ.

ಮಂದಿರಕ್ಕೆ ಬಾಗಿಲು ಕೂರುವ ಮುನ್ನವೇ ಅಕ್ಕ ತೀರಿಕೊಂಡರು. ಅವರ ಯಂತ್ರಕ್ಕೆ ಆಯುಧಪೂಜೆ ಇಂದಿಗೂ ತಪ್ಪಿಲ್ಲ. ಪೀಠ ಮಾತ್ರ ಅಂಗಳದಲ್ಲಿ, ಕುಂಕುಮ ಯಂತ್ರದ ಬೆನ್ನಿಗೆ. ಶಾಸ್ತ್ರವಾಕ್ಯದ ಅರ್ಥವನ್ನು ಯಾರಾದರೂ ನನ್ನಲ್ಲಿ ಕೇಳಿದರೆ, ನನ್ನ ತಿಳಿವಿನ ವೃತ್ತ ಎಷ್ಟು ಅಗಲವೆಂಬುದನ್ನು ಮೊದಲು ಹೇಳಿ ಆಮೇಲೆ ಉತ್ತರಿಸುತ್ತೇನೆ. ಅದು ಅವರು ಇತ್ತ ದೀಕ್ಷೆ.

ಅಂದು ಅಗೆದ ಕೈಗಳಿಗೆ, ಹೂ ಬಾಡದಂತೆ ಕಾದ ತಾಯಂದಿರಿಗೆ, ಕೈಮುಗಿದ ನೆರೆಯವರಿಗೆ, ಗೂಟ ಕಿತ್ತ ಕಾರ್ಯದರ್ಶಿಗೆ ಮಂಗಳವಾಗಲಿ. ನಮ್ಮ ಅಕ್ಕನಿಗೆ ಮರೆಯಿಲ್ಲದ ಆಕಾಶ ದೊರೆಯಲಿ.