ಅಮ್ಮನ ಹೆಸರಿನ ತಾಳೆ

ನಮ್ಮ ಚಿಕ್ಕಮ್ಮನ ಮುಂದೆ ಕಂಡ ಕಂಡ ಗಿಡವನ್ನೆಲ್ಲ ತಾಳೆ ಎಂದುಬಿಟ್ಟರೆ ಮುಗಿಯಿತು ಕಥೆ. ಹೋಟೆಲಿನ ಬಾಗಿಲಲ್ಲಿ ಬೀಸಣಿಗೆಯಂತೆ ನಿಂತಿರುತ್ತದಲ್ಲ ಟ್ರಾವೆಲರ್ಸ್ ಪಾಮ್, ಅದು ಹೆಸರಿಗಷ್ಟೇ ತಾಳೆ, ಬಾಳೆಯ ಕಡೆಯ ನೆಂಟ. ಮೇಷ್ಟರ ಕೈಯ ಬೆತ್ತವೇ ತೆಂಗಿನ ಖಾಸಾ ದಾಯಾದಿ. ಸಸ್ಯತೋಟದ ಕಚೇರಿಯಲ್ಲಿ ತೆಂಗು, ಅಡಿಕೆ, ಬೆತ್ತವೆಲ್ಲ ಸೇರುವ ತಾಳೆ ಕುಟುಂಬವನ್ನು ವಿಂಗಡಿಸುವುದೇ ಅವಳ ಕೆಲಸ. ಮದುವೆಮನೆಗೆ ಹೋದರೂ ಅದೇ ಮಾತು.

ಒಮ್ಮೆ ಕಾಡಿನಿಂದ ತಂದ ಗಿಡದ ಎಲೆ ಸೀಳಿರಲಿಲ್ಲ, ಮೀನಿನ ಬಾಲದ ಹಾಗೆ ತುದಿಯಲ್ಲಷ್ಟೇ ಕವಲು. ಹೂ ಬಿಡುವವರೆಗೆ ಕಾಯುವ ತಾಳ್ಮೆ ಅವಳಿಗೆಲ್ಲಿತ್ತು? ಹೊಸ ಪ್ರಭೇದವೆಂದು ಪ್ರಕಟಿಸಿ, ಅಕ್ಕನ ಹೆಸರಿಟ್ಟಳು. ಅಕ್ಕ ಎಂದರೆ ನಮ್ಮಮ್ಮ, ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದವಳು. ಅಮ್ಮ ದುಡಿಯುವ ಅಂಗಡಿಯ ಬೋರ್ಡಿನಲ್ಲೂ ಅಪ್ಪನ ಹೆಸರೇ ಇತ್ತು. ಅವಳ ಹೆಸರು ಅಚ್ಚಾಗಿದ್ದು ಆ ಗಿಡದ ಹೆಸರಿನಲ್ಲಿ ಮಾತ್ರ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲೇ ಆ ಸುದ್ದಿ ಹೇಳುತ್ತಿದ್ದಳು.

ಗಿಡವನ್ನು ಕುಂಡದಿಂದ ನೆಲಕ್ಕಿಳಿಸಿದ ಕೆಲವು ವರ್ಷಗಳಿಗೆ ಅದು ಮೈತುಂಬಿಕೊಂಡು ಹೊಸ ಎಲೆ ಬಿಟ್ಟಿತು. ತೆಂಗಿನ ಗರಿಯಂತೆ ಸೀಳು ಸೀಳು. ಹೊಸ ಪ್ರಭೇದವೂ ಇಲ್ಲ, ಮಣ್ಣೂ ಇಲ್ಲ. ಎಲ್ಲರಿಗೂ ಗೊತ್ತಿದ್ದ ತಾಳೆಯೊಂದರ ಎಳೆಯ ರೂಪ ಅದು.

ಆ ಎಲೆ ಕತ್ತರಿಸಿ ಸುಮ್ಮನಿರಲು ತೋಟದ ಡೈರೆಕ್ಟರು ಹೇಳಿದರು. ಗೇಟಿನ ಮೇಲೂ ಆ ಗಿಡದ ಚಿತ್ರವಿದೆ, ತೋಟದ ಮರ್ಯಾದೆ ಹೋಗುತ್ತದಂತೆ.

"ಕತ್ತರಿಸಬಹುದು ಸಾರ್, ಇನ್ನೊಂದು ಬರುತ್ತಲ್ಲ," ಎಂದಳು ಚಿಕ್ಕಮ್ಮ. "ತಪ್ಪು ನಂದು. ಹಾಗಂತ ನಾನೇ ಬರೆದು ಅಚ್ಚು ಹಾಕಿಸ್ತೀನಿ."

ಕೆಲಸ ಹೋಗುತ್ತದೆಂದು ಅವರು ಗದರಿದರೆ, ಹೋಗಲಿ ಬಿಡಿ ಎಂದು ಎದ್ದು ಬಂದಳಂತೆ. ನಮ್ಮ ಚಿಕ್ಕಮ್ಮ ಅಂದರೆ ಸುಮ್ಮನೆಯೇ?

ಆದರೆ ಅಮ್ಮನ ಮುಂದೆ ನಡೆದದ್ದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬೆವತುಹೋದಳು. ಅಮ್ಮ ಹೊಲಿಗೆ ನಿಲ್ಲಿಸಿದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೆ ಚಿಕ್ಕಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು.

"ನನ್ನ ಹೆಸರು ಪೂರ್ತಿ ಅಳಿಸಿಬಿಡ್ತಾರಾ?" ಎಂದು ಕೇಳಿದಳು ಅಮ್ಮ.

"ಇಲ್ಲ ಅಕ್ಕಾ. ಪುಸ್ತಕದಲ್ಲಿ ಸರಿಯಾದ ಹೆಸರಿನ ಕೆಳಗೆ, ಒಬ್ಬಳು ಹೀಗೂ ಕರೆದಿದ್ಲು ಅಂತ ಯಾವಾಗ್ಲೂ ಇರುತ್ತೆ. ನಂದೂ ಇರುತ್ತೆ, ನಿಂದೂ ಇರುತ್ತೆ."

ಅಮ್ಮ ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು.

"ಹಾಗಾದ್ರೆ ಬರಿ. ಕೆಲಸದಿಂದ ತೆಗೀತೀನಿ ಅಂತ ಆ ಮನುಷ್ಯ ಮತ್ತೆ ಅಂದ್ರೆ, ಹೆಸರಿನವಳೇ ಬರೆಸಿದ್ದು, ಅವಳ ಹತ್ರ ಬಂದು ಮಾತಾಡಿ ಅಂತ ಹೇಳು."