ಅಮ್ಮನ ಮುಖದ ಬಣ್ಣ

ಸೂರತ್‌ನ ಸೀರೆ ಕ್ಯಾಟಲಾಗುಗಳಿಗೆ ಕಂಪ್ಯೂಟರಿನಲ್ಲಿ ರೂಪದರ್ಶಿಯರ ಮುಖ ತಿದ್ದುವುದು ಪ್ರಾರ್ಥನಾಳ ಕೆಲಸ. ನೋಡುವವರ ಕಣ್ಣು ಮೊದಲು ಮುಖಕ್ಕೆ ಹೋಗುತ್ತದೆ, ಮುಖ ಬೆಳ್ಳಗಿದ್ದರೆ ಸೆರಗಿಗೆ ಇಳಿಯುತ್ತದೆ, ಕಪ್ಪಗಿದ್ದರೆ ಪುಟ ಮಗುಚಿಬಿಡುತ್ತಾರೆ ಎಂದು ಮಾಲೀಕ ದಿನಾ ಪಾಠ ಹೇಳುತ್ತಿದ್ದ. ಅಮ್ಮನಂತೆಯೇ ಕಪ್ಪಗಿದ್ದ ಅವಳಿಗೆ ಆ ಹಾಳು ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಂಡ ಮುಖವನ್ನೆಲ್ಲ ಬೆಳ್ಳಗೆ ಮಾಡುವುದಕ್ಕೇ ಕೈ ಒಗ್ಗಿಹೋಗಿತ್ತು.

ಅಮ್ಮ ತೀರಿಕೊಂಡಾಗ, ಅದೇ ಊರಿನ ವರಾಛಾ ಬಡಾವಣೆಯಲ್ಲಿ ಉಡುಪಿ ಹೋಟೆಲು ನಡೆಸುವ ಅಪ್ಪ, ಗಲ್ಲಾದ ಹಿಂದೆ ಹಾಕಲು ಅಮ್ಮನ ಫೋಟೋ ದೊಡ್ಡದು ಮಾಡಿಸಿ ತಾ ಎಂದರು. ಪ್ರಾರ್ಥನಾ ಅಳುತ್ತಲೇ ಹಳೆಯ ಫೋಟೋದ ಕಲೆ ಅಳಿಸಿದಳು, ಗೀರು ಮುಚ್ಚಿದಳು. ಉಳಿದದ್ದನ್ನು ಕೈ ತನ್ನ ಪಾಡಿಗೆ ಮಾಡಿ ಮುಗಿಸಿತು.

ಅವಳು ಕಟ್ಟು ಹಾಕಿಸಿ ತಂದ ಫೋಟೋದ ಗಾಜನ್ನು ಅಪ್ಪ ಬಟ್ಟೆಯಿಂದ ಒರೆಸಿದರು. ಮತ್ತೊಮ್ಮೆ ಒರೆಸಿದರು.

“ಚಂದ ಉಂಟು ಮಗಾ,” ಎಂದರು. “ಇದು ಯಾರು? ಅಮ್ಮನ ಫೋಟೋ ಎಲ್ಲಿ?”