ಮೆಣಸಿನಕಾಯಿ ಘಾಟು, ಮಿಲ್ಟ್ರಿ ಮುಖವಾಡ

ಪಾಸಾದ್ಲು ನೋಡ್ರಿ, ನನ್ನ ಮೊಮ್ಮಗಳು ಪಾಸಾದ್ಲು! ಮಿಲ್ಟ್ರಿ ಟ್ರೇನಿಂಗಿನ್ಯಾಗ, ಕಣ್ಣು ಮೂಗು ಉರಿಸೋ ಹೊಗಿ ತುಂಬಿದ ಕೋಣಿಗೆ ಮುಖವಾಡ ಹಾಕ್ಕೊಂಡು ಹೋಗಿ, ಸಾಹೇಬ್ರು ಹೇಳೋತನಕ ಅಲ್ಲೇ ನಿಂತ್ಲಂತ. ಇವತ್ತು ರಜಾಕ್ಕ ಬಂದ್ಲು. ನನ್ನ ಮಗ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಿಂದ ಆಕಿನ್ನ ಗಾಡಿ ಮ್ಯಾಲೆ ಕರ್ಕೊಂಡು ಬರೋದ್ರೊಳಗ ನಾನು ಹೋಳಿಗಿ ಮಾಡಿಟ್ಟು, ಓಣಿಗೆಲ್ಲ ಹೇಳಿ ಮುಗಿಸಿದ್ದೆ.

ಸಣ್ಣಾಕಿದ್ದಾಗಿಂದ ಮಾರಿ ಮ್ಯಾಲೆ ಏನು ಬಿದ್ರೂ ಆಕಿಗೆ ಆಗಂಗಿಲ್ಲ. ಚಳಿ ಅಂತ ಕೌದಿ ಮ್ಯಾಲೆಳೆದ್ರ ಒದ್ದು ಚೀರತಿದ್ಲು. ಮೊದಲನೇ ಸಲ ಆ ಕೋಣ್ಯಾಗ ಮುಖವಾಡ ಕಿತ್ತೊಗದು ಹೊರಗ ಓಡಿದ್ಲು. "ಅಜ್ಜಿ, ಇನ್ನೊಂದ್ಸಲ ಹಿಂಗಾದ್ರ ಮನಿಗೆ ಕಳಿಸ್ತಾರ," ಅಂತ ಫೋನಿನ್ಯಾಗ ಅತ್ಲು. ಓದು ಬರದಾಕಿ ನಾನು, ಏನು ಹೇಳ್ಲಿ? "ನೀ ಒಲಿ ಊದ್ತಿದ್ದಿಯಲ್ಲ, ಹಂಗ ಉದ್ದಕ ಉಸಿರು ಬಿಡವ್ವ," ಅಂದೆ.

ಬಂದಾಕಿ ಫೋಟೋ ತೋರಿಸಿದ್ಲು, ಸಾಲಾಗಿ ನಿಂತೋರೆಲ್ಲ ಒಂದೇ ನಮೂನಿ. ಕರೇ ರಬ್ಬರಿನ ಮಾರಿ, ದುಂಡನ ಗಾಜಿನ ಕಣ್ಣು, ಬಾಯಿ ಹತ್ರ ಗಾಳಿ ಸೋಸೋ ಡಬ್ಬಿ, ತಲಿಯಿಂದ ಹೆಗಲತನಕ ಮುಚ್ಚೋ ಕೊಪ್ಪಿ. ಅಣುಬಾಂಬಿನ ಧೂಳೂ ಒಳಗ ಹೋಗಂಗಿಲ್ಲಂತ.

"ಇದ್ರಾಗ ನೀ ಯಾವಾಕಿ?"

"ಎಲ್ಲಾರಿಗಿಂತ ಚಂದ ಇರಾಕಿ!"

"ಹೊಗ್ಯಾಗ ಕೆಮ್ಮು ಬರಲಿಲ್ಲೇನು?"

"ಒಂದೂ ಬರಲಿಲ್ಲ ಅಜ್ಜಿ."

ನಾನು ದಡಕ್ಕನೆ ಎದ್ದೆ. ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಾಗ ಘಾಟು ಬರಲಿಲ್ಲಂದ್ರ, ದೊಡ್ಡ ದೃಷ್ಟಿನೇ ಆಗೈತಿ ಅಂತ ಲೆಕ್ಕ. "ಅದು ಮುಖವಾಡ ಹಾಕಿದ್ದಕ್ಕ ಅಜ್ಜಿ!" ಅಂದ್ಲು. ಯಾರು ಕೇಳ್ತಾರ? ಉಪ್ಪು, ಒಣಮೆಣಸಿನಕಾಯಿ ಮುಷ್ಟಿ ತುಂಬ ಹಿಡದು ನಿವಾಳಿಸಿ ಒಲಿಗೆ ಒಗದೆ.

ಅಬ್ಬಬ್ಬ, ಘಾಟಂದ್ರ ಘಾಟು! ಮೊಮ್ಮಗಳು, ಮಗ, ಸೊಸಿ, ನಾನು, ಎಲ್ಲಾರೂ ಕೆಮ್ಮಿಕೋಂತ ಅಂಗಳಕ್ಕ ಬಿದ್ವಿ. "ದೃಷ್ಟಿ ಇಲ್ಲ, ದೃಷ್ಟಿ ಇಲ್ಲ!" ಅಂತ ನಾನು ಕುಣದೆ.

"ದೃಷ್ಟಿ ಇಲ್ಲ ಖರೆ ಯವ್ವಾ," ಅಂದ ಮಗ ಕಣ್ಣೊರಸ್ಕೋಂತ, "ಹೋಳಿಗಿ ಒಳಗ ಅದಾವಲ್ಲ, ಯಾರು ಹೋಗಬೇಕು?"

ಮೊಮ್ಮಗಳು ಹಗ್ಗದ ಮ್ಯಾಲಿನ ಟವೆಲ್ ಎಳದು, ನೀರಾಗ ಅದ್ದಿ, ಮೂಗು ಬಾಯಿ ಮುಚ್ಚಿ ಬಿಗಿಯಾಗಿ ಕಟ್ಟಿದ್ಲು. ಕೌದಿ ಒದಿತಿದ್ದ ಕೂಸು! "ಬ್ಯಾಡ್ಲೇ," ಅನ್ನೋದ್ರೊಳಗ ಒಳಗ ಹೋದ್ಲು. ಕಿಟಕಿ ತೆರೆದ ಸಪ್ಪಳ ಕೇಳಿಸ್ತು. ಬಗಲಾಗ ಹೋಳಿಗಿ ಬುಟ್ಟಿ, ಕೈಯಾಗ ತುಪ್ಪದ ಗಿಂಡಿ ಹಿಡಕೊಂಡು, ಅವಸರ ಇಲ್ಲದಂಗ ನಡಕೋಂತ ಬಂದ್ಲು.

ಅಂಗಳದಾಗ ಚಾಪಿ ಹಾಸಿ ಎಲ್ಲಾರೂ ಕುಂತ್ವಿ. ನಾನು ಹೋಳಿಗಿ ಮ್ಯಾಲೆ ತುಪ್ಪ ಸುರದೆ. ಆಕಿ ಮಾರಿಗೆ ಟವೆಲ್ ಹಂಗೇ ಇತ್ತು, ಮರತೇ ಬಿಟ್ಟಿದ್ಲು.

"ಇನ್ನರ ಬಿಚ್ಚವ್ವ," ಅಂದೆ, "ಉಣ್ಣಾಕ ಬಾಯಿ ಬೇಕಲ್ಲ!"